ಪೆಡ್ಡರ್ ರೋಡಿನ ಏರು ಬರುವವರೆಗೆ ಫೋಟೋ ತೆಗೆಯಿರಿ

ಓಟದ ಕುರಿತು ಓದುಗರು ಕಳಿಸಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸುವವರು ಮುಂಬಯಿಯಲ್ಲಿ ನೆಲೆಸಿರುವ ಕುಂದಾಪುರ ಕಡೆಯ ನಿವೃತ್ತ ಬ್ಯಾಂಕ್ ನೌಕರರು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಜನವರಿಯ ಮುಂಬಯಿ ಮ್ಯಾರಥಾನ್ ಬಗ್ಗೆ.

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಮಾಸ್ತರ. ವಯಸ್ಸು 46. ಹಾಫ್ ಮ್ಯಾರಥಾನ್ ಎರಡು ಸಲ ಮುಗಿಸಿದ್ದೇನೆ, ಉತ್ತಮ ಸಮಯ 2 ಗಂಟೆ 25 ನಿಮಿಷ. ಈಗ ಮುಂಬಯಿಯ ಫುಲ್ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೇನೆ. ನಿಜ ಹೇಳಬೇಕೆಂದರೆ ಓಟಕ್ಕಿಂತ ದಾರಿಯ ಆಸೆಯೇ ಹೆಚ್ಚು. ವಿ.ಟಿ. (ವಿಕ್ಟೋರಿಯಾ ಟರ್ಮಿನಸ್) ಸ್ಟೇಷನ್, ಫ್ಲೋರಾ ಫೌಂಟನ್, ಹಾಜಿ ಅಲಿ, ಸೀ ಲಿಂಕ್ ಎಲ್ಲ ಒಂದೇ ಬೆಳಿಗ್ಗೆ ನೋಡಬಹುದಲ್ಲ! ಮೊಬೈಲ್ ಒಯ್ಯಲೇ? ಎಲ್ಲೆಲ್ಲಿ ನಿಂತು ನೋಡಲಿ?
— ಓದುಗರು, ಹುಬ್ಬಳ್ಳಿ

ಉತ್ತರ: ಮಾಸ್ತರೇ, ನಿಮ್ಮ ಪತ್ರ ಓದಿ ಖುಷಿಯಾಯಿತು, ಸ್ವಲ್ಪ ಹೆದರಿಕೆಯೂ ಆಯಿತು. ಮೊದಲು ಒಂದು ಸತ್ಯ ಹೇಳಿಬಿಡುತ್ತೇನೆ. ಓಟ ಶುರುವಾಗುವಾಗ ನಿಮಗೆ ವಿ.ಟಿ. ಕಾಣುವುದಿಲ್ಲ. ಕಾಣುವುದು ಮುಂದೆ ನಿಂತವರ ಬೆನ್ನು. ನಮ್ಮಂಥವರನ್ನು ಈಚಿನ ವರ್ಷಗಳಲ್ಲಿ ನಸುಕಿನ 5 ಗಂಟೆಗೇ ಬಿಡುತ್ತಾರೆ. ಜನವರಿ ನಡುವಿನಲ್ಲಿ ಮುಂಬಯಿಯಲ್ಲಿ ಸೂರ್ಯ ಹುಟ್ಟುವುದು 7 ಕಾಲರ ಹೊತ್ತಿಗೆ. ಎಂದರೆ ಮೊದಲ ಎರಡು ಗಂಟೆಯ ಇತಿಹಾಸವೆಲ್ಲ ಕತ್ತಲಲ್ಲೇ.

ಅದಕ್ಕೆ ಶುಕ್ರವಾರವೇ ಬನ್ನಿ. ಬಿಬ್, ಎಂದರೆ ಎದೆಗೆ ಕಟ್ಟಿಕೊಳ್ಳುವ ನಂಬರಿನ ಚೀಟಿ, ತೆಗೆದುಕೊಳ್ಳಲು ಹೇಗೂ ಮೊದಲೇ ಬರಬೇಕು. ಅಂದು ಸಂಜೆ ಎರಡು ಗಂಟೆ ನಡೆದು ನೋಡಿ, ಶನಿವಾರ ಕಾಲಿಗೆ ರಜೆ ಕೊಡಿ. ಶನಿವಾರ ಊರೆಲ್ಲ ಸುತ್ತಿ ಭಾನುವಾರ ಮಾಹಿಮ್‌ನಲ್ಲಿ ಕುಂಟುವವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಆ ಎರಡು ಗಂಟೆಯಲ್ಲಿ ಏನು ನೋಡಬೇಕು? ವಿ.ಟಿ.ಯ ಎದುರು ನಿಂತು ಗೇಟಿನ ಕಂಬಗಳ ಮೇಲೆ ನೋಡಿ. ಒಂದರ ಮೇಲೆ ಸಿಂಹ, ಇನ್ನೊಂದರ ಮೇಲೆ ಹುಲಿ. ಸಿಂಹ ಇಂಗ್ಲೆಂಡ್, ಹುಲಿ ಇಂಡಿಯಾ. ಕಟ್ಟಡದ ಕೆಲಸ ಶುರುವಾದದ್ದು 1878ರಲ್ಲಿ, ವಿಕ್ಟೋರಿಯಾ ರಾಣಿಯ ಹೆಸರಿಟ್ಟದ್ದು 1887ರಲ್ಲಿ. ಈಗ ಅದು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಆದರೆ ನನ್ನ ಬಾಯಲ್ಲಿ ಇನ್ನೂ ವಿ.ಟಿ.ಯೇ. ಕಟ್ಟಿಸಿದವನು ಎಫ್. ಡಬ್ಲ್ಯು. ಸ್ಟೀವನ್ಸ್. ಹಾಗೇ ಹಿಂದೆ ತಿರುಗಿ, ಎದುರಿಗಿರುವ ಮಹಾನಗರಪಾಲಿಕೆಯ ಕಟ್ಟಡವೂ ಅವನದೇ, 1893ರದ್ದು. ಚರ್ಚ್‌ಗೇಟ್ ಸ್ಟೇಷನ್ ಎದುರಿಗೆ ಗುಮ್ಮಟಗಳ ಬೂದುಬಣ್ಣದ ಇನ್ನೊಂದು ಕಟ್ಟಡವಿದೆ, ಪಶ್ಚಿಮ ರೈಲ್ವೆಯ ಮುಖ್ಯ ಕಚೇರಿ. 1899ರಲ್ಲಿ ಮುಗಿದ ಅದೂ ಸ್ಟೀವನ್ಸನದೇ. ನೀವು ಹೊರಡುವುದು ಅವನ ಎರಡು ಕಟ್ಟಡಗಳ ನಡುವಿನಿಂದ, ಕೊನೆಗೆ ನಾಲಗೆ ಹೊರಚಾಚಿಕೊಂಡು ಬರುವುದು ಅವನ ಮೂರನೆಯದರ ಮುಂದೆ. ಮಕ್ಕಳಿಗೆ ಪಾಠ ಮಾಡುವಾಗ ಹೇಳಿ.

ವಿ.ಟಿ. ಯುನೆಸ್ಕೋ ಪಟ್ಟಿಗೆ ಸೇರಿದ್ದು 2004ರಲ್ಲಿ. ಮುಂಬಯಿ ಮ್ಯಾರಥಾನ್ ಶುರುವಾದದ್ದೂ ಅದೇ ವರ್ಷ. ಒಂದಕ್ಕೊಂದು ಸಂಬಂಧವಿಲ್ಲ, ನನಗೆ ನೆನಪಿಡಲು ಸುಲಭ ಅಷ್ಟೇ.

ಇನ್ನು ಓಟ. ನಾನು ಓಡಿದ ಮಾರ್ಗದ ಲೆಕ್ಕ ಹೇಳುತ್ತೇನೆ. ವರ್ಷದಿಂದ ವರ್ಷಕ್ಕೆ ಅಲ್ಲಲ್ಲಿ ತಿರುವು ಬದಲಾಗುತ್ತದೆ, ನಿಮಗೆ ಕಳಿಸುವ ನಕ್ಷೆಯನ್ನೊಮ್ಮೆ ಕೂತು ನೋಡಿ. 21 ಕಿಲೋಮೀಟರಿನ ನಿಮ್ಮ ಹಾಫ್ ಸಮಯಕ್ಕೆ ಕಿಲೋಮೀಟರಿಗೆ 6 ನಿಮಿಷ 50 ಸೆಕೆಂಡ್ ಚಿಲ್ಲರೆ ಆಗುತ್ತದೆ. 42 ಕಿಲೋಮೀಟರಿನ ಫುಲ್‌ಗೆ 7 ನಿಮಿಷ 20 ಸೆಕೆಂಡ್ ಇಟ್ಟುಕೊಳ್ಳಿ. ಅದಕ್ಕಿಂತ ವೇಗ ಬೇಡವೇ ಬೇಡ, ಮುಖ್ಯವಾಗಿ ಮರೀನ್ ಡ್ರೈವ್‌ನಲ್ಲಿ.

ಮರೀನ್ ಡ್ರೈವ್ ಮೋಸ ಮಾಡುವ ಜಾಗ. ಸಪಾಟು ರಸ್ತೆ, ತಂಪು ಗಾಳಿ, ಎಡಗಡೆ ಕತ್ತಲಲ್ಲಿ ಸಮುದ್ರದ ಸದ್ದು. ಈ ದೀಪಸಾಲನ್ನು ರಾಣಿಯ ಹಾರ ಎನ್ನುತ್ತಾರಲ್ಲ, ಆ ಹಾರ ಕಾಣುವುದು ಮಲಬಾರ್ ಹಿಲ್ ಮೇಲಿಂದ. ಓಡುವವನಿಗೆ ಒಂದಾದ ಮೇಲೊಂದು ಕಂಬ. ಬಲಗಡೆ ಸಾಲಾಗಿ ನಿಂತ, ಮೂಲೆಗಳು ದುಂಡಗಿರುವ ಮನೆಗಳು 1930–40ರ ದಶಕಗಳ ಆರ್ಟ್ ಡೆಕೊ ಶೈಲಿಯವು. 2018ರಲ್ಲಿ ಅವಕ್ಕೂ ಯುನೆಸ್ಕೋ ಮನ್ನಣೆ ಸಿಕ್ಕಿತು. ಹೋಗುವಾಗ ಅವುಗಳಲ್ಲಿ ದೀಪ ಇರುವುದಿಲ್ಲ, ಮರಳಿ ಬರುವಾಗ ಅಲ್ಲಿಯವರು ಬಾಲ್ಕನಿಯಲ್ಲಿ ಚಹಾ ಕುಡಿಯುತ್ತ ನಿಮ್ಮನ್ನು ನೋಡುತ್ತಾರೆ. ಆಗ ಯಾರು ಯಾರಿಗೆ ಪ್ರೇಕ್ಷಣೀಯ ಸ್ಥಳ ಎಂದು ಗೊತ್ತಾಗುತ್ತದೆ.

ಹಾಜಿ ಅಲಿ ಹೋಗುವಾಗಲೂ ಬರುವಾಗಲೂ ಸಿಗುತ್ತದೆ. ಸಮುದ್ರದೊಳಗಿನ ಬಂಡೆಯ ಮೇಲೆ ಬಿಳಿ ದರ್ಗಾ, ಭರತದ ಹೊತ್ತಿಗೆ ಅದಕ್ಕೆ ಹೋಗುವ ಕಾಲುದಾರಿಯೇ ಮುಳುಗುತ್ತದೆ. ಹೋಗುವಾಗ ನಿಲ್ಲಬೇಡಿ, ಕತ್ತಲು. ಫೋಟೋ ಏನಿದ್ದರೂ ಮರಳುವಾಗ.

ನೀವು ನಿಲ್ಲಬೇಕಾದ ಒಂದೇ ಒಂದು ಜಾಗ ಸೀ ಲಿಂಕ್. ವರ್ಳಿಯಿಂದ ಬಾಂದ್ರಾಕ್ಕೆ ಸಮುದ್ರದ ಮೇಲೆ 5.6 ಕಿಲೋಮೀಟರ್. 2009ರಲ್ಲಿ ಶುರುವಾದ ಸೇತುವೆ ಇತಿಹಾಸವಲ್ಲ ಎನ್ನಬಹುದು ನೀವು. ಆದರೆ ಅದರ ಮೇಲೆ ಉಳಿದ ದಿನ ನಡೆಯುವವರಿಗೂ ಬೈಕಿಗೂ ರಿಕ್ಷಾಕ್ಕೂ ಪ್ರವೇಶವಿಲ್ಲ. ಮೂವತ್ತು ವರ್ಷ ಮುಂಬಯಿಯಲ್ಲಿದ್ದು, ಕಾರಿಲ್ಲದ ನನ್ನಂಥವನು ಅದರ ಮೇಲೆ ಕಾಲಿಟ್ಟದ್ದು ಬಿಬ್ ಕಟ್ಟಿಕೊಂಡೇ. ನಿಮ್ಮ ವೇಗಕ್ಕೆ ಸೇತುವೆಯ ಮೇಲಿರುವಾಗಲೇ ಬೆಳಕು ಹರಿಯಬೇಕು. ಬಲಕ್ಕೆ ನೋಡಿ. ವರ್ಳಿ ಕೋಳಿವಾಡ ಎಂಬ ಬೆಸ್ತರ ಕೇರಿಯ ದೋಣಿಗಳು, ನೆಲದ ತುದಿಗೆ ಬ್ರಿಟಿಷರ ಕಾಲದ ಪುಟ್ಟ ಕೋಟೆ, ಹಿಂದೆ ಗಗನಚುಂಬಿಗಳು, ಅವುಗಳ ಸಂದಿಯಲ್ಲಿ ಕೆಂಪು ಸೂರ್ಯ. ಗಾಳಿ ಆ ಕಡೆಯಿಂದ ಬಂದರೆ ಒಣಮೀನಿನ ವಾಸನೆ. ಹುಬ್ಬಳ್ಳಿಯವರಿಗೆ ಅದು ಹೇಗನಿಸುತ್ತದೋ, ನನಗೆ ಗಂಗೊಳ್ಳಿ ಬಂದರಿನಲ್ಲಿ ಇಳಿದಂತಾಗುತ್ತದೆ. ಇಲ್ಲಿ ಎರಡು ನಿಮಿಷ ನಿಲ್ಲಿ. ಬದಿಗೆ ಸರಿದು ನಿಲ್ಲಿ ಮತ್ತೆ, ದಾರಿಯ ನಡುವೆ ಸೆಲ್ಫಿಗೆ ನಿಂತವರಿಗೆ ಡಿಕ್ಕಿ ಹೊಡೆದು ಬಿದ್ದವರಿದ್ದಾರೆ.

ಬಾಂದ್ರಾ ತಿರುಗಿ ಮಾಹಿಮ್‌ಗೆ ಬಂದರೆ ಒಂದೆಡೆ ಮಾಹಿಮ್ ಚರ್ಚು, ಸ್ವಲ್ಪ ಮುಂದೆ ಹದಿನಾಲ್ಕು–ಹದಿನೈದನೇ ಶತಮಾನದ ಮಖ್ದೂಮ್ ಅಲಿ ಮಾಹಿಮಿಯವರ ದರ್ಗಾ, ಆಮೇಲೆ ಶಿವಾಜಿ ಪಾರ್ಕ್, ಪ್ರಭಾದೇವಿಯಲ್ಲಿ ಸಿದ್ಧಿವಿನಾಯಕ. ಜನ ಸಿಗುವುದು ಇಲ್ಲೇ. ಗಲ್ಲಿಗಲ್ಲಿಯ ಬಾಯಲ್ಲಿ ಮಕ್ಕಳು ಬಿಸ್ಕತ್ತು, ಕಿತ್ತಳೆ ತೊಳೆ, ಚಿಕ್ಕಿ ಹಿಡಿದು ನಿಂತಿರುತ್ತಾರೆ. ಸಿದ್ಧಿವಿನಾಯಕನ ಮುಂದೆ ಓಡುತ್ತಲೇ ಎದೆ ಮುಟ್ಟಿಕೊಳ್ಳುವವರು ಎಷ್ಟೋ. ಸ್ವಲ್ಪ ಹಿಂದೆ ದರ್ಗಾದ ಎದುರೂ ಅವರೇ ಮುಟ್ಟಿಕೊಂಡದ್ದನ್ನು ಕಂಡಿದ್ದೇನೆ. 30 ಕಿಲೋಮೀಟರ್ ಹತ್ತಿರ ಬಂದಾಗ ಯಾರನ್ನೂ ಬಿಡುವಂತಿಲ್ಲವಲ್ಲ!

ಈಗ ಪೆಡ್ಡರ್ ರೋಡ್. ಹಾಜಿ ಅಲಿ ದಾಟಿ ಕೆಂಪ್ಸ್ ಕಾರ್ನರ್ ಕಡೆಗೆ ಏರು. ಬೆಳಿಗ್ಗೆ ಹೋಗುವಾಗ ಇದೇ ರಸ್ತೆಯಲ್ಲಿ ಹೋಗಿರುತ್ತೀರಿ, ಏರು ಅಂತಲೂ ಅನಿಸಿರುವುದಿಲ್ಲ. ಮರಳುವಾಗ 35ನೇ ಕಿಲೋಮೀಟರಿನ ಆಸುಪಾಸು, ನೆತ್ತಿಯ ಮೇಲೆ ಬಿಸಿಲು. ನನ್ನ ಮೊದಲ ಫುಲ್ 2011ರಲ್ಲಿ. ಮರೀನ್ ಡ್ರೈವ್‌ನಲ್ಲಿ ಯಾರನ್ನೋ ಹಿಂದಿಕ್ಕುವ ಹುಚ್ಚಿಗೆ 5 ನಿಮಿಷ 40 ಸೆಕೆಂಡಿನ ವೇಗದಲ್ಲಿ ಓಡಿದ್ದೆ. ಅದರ ಬಡ್ಡಿ ಕಟ್ಟಿದ್ದು ಇಲ್ಲಿ. ಎಡಗಾಲ ಮೀನಖಂಡ ಕಲ್ಲಾಗಿ ಫುಟ್‌ಪಾತಿನ ಅಂಚಿಗೆ ಕೂತುಬಿಟ್ಟೆ. ಕೂತ ಜಾಗ ಯಾವುದೆಂದು ಆಮೇಲೆ ತಿಳಿಯಿತು: ಲತಾ ಮಂಗೇಶ್ಕರ್ ವಾಸವಿದ್ದ ಪ್ರಭುಕುಂಜದ ಹತ್ತಿರ. ಅಷ್ಟು ವರ್ಷ ಆ ಮನೆ ನೋಡಬೇಕೆಂದುಕೊಂಡಿದ್ದವನಿಗೆ ಎದುರು ಕೂತಾಗ ಕಂಡದ್ದು ನನ್ನ ಬೂಟಿನ ಲೇಸು ಮಾತ್ರ. ಪಕ್ಕದ ಕಟ್ಟಡದಿಂದ ಒಬ್ಬ ಗುಜರಾತಿ ಅಜ್ಜಿ ಇಳಿದು ಬಂದು, ಕಿತ್ತಳೆ ತೊಳೆಗೆ ಉಪ್ಪು ಒತ್ತಿ ಬಾಯಿಗೇ ಇಟ್ಟರು. ‘ಉಠೋ ಬೇಟಾ’ ಎಂದರು. ನನಗೆ ಆಗ 42 ವರ್ಷ.

ಅದಕ್ಕೆ ಹೇಳುವುದು, ಈ ಏರಿಗೆ ಬರುವ ಮುನ್ನ ಮೊಬೈಲ್ ಚೀಲಕ್ಕೆ ಹಾಕಿ. ಏರಿನಲ್ಲಿ ನಡೆಯಿರಿ, ನಾಚಿಕೆ ಬೇಡ. ಕೆಂಪ್ಸ್ ಕಾರ್ನರ್ ಇಳಿದು ಚೌಪಾಟಿ ಸೇರಿದರೆ ಮತ್ತೆ ಮರೀನ್ ಡ್ರೈವ್. ಬೆಳಿಗ್ಗೆ ಇಪ್ಪತ್ತು ನಿಮಿಷದಲ್ಲಿ ಮುಗಿದದ್ದು ಈಗ ರಬ್ಬರಿನಂತೆ ಎಳೆದುಕೊಳ್ಳುತ್ತದೆ. ಬಾಗಿದ ದಾರಿಯಲ್ಲವೇ, ತುದಿ ಮೊದಲಿಂದಲೇ ಕಾಣುತ್ತಿರುತ್ತದೆ, ಹತ್ತಿರ ಮಾತ್ರ ಬರುವುದಿಲ್ಲ. ಚರ್ಚ್‌ಗೇಟಿನಲ್ಲಿ ತಿರುಗಿದ ಮೇಲೆ ಬಲಕ್ಕೆ ಓವಲ್ ಮೈದಾನ, ಅದರಾಚೆ ರಾಜಾಬಾಯಿ ಗೋಪುರ. ಆ ಗೋಪುರದ ಗಡಿಯಾರದತ್ತ ಕತ್ತೆತ್ತಬೇಡಿ, ಬೇಸರವಾಗುತ್ತದೆ. ಎದುರಿಗೆ ಹುತಾತ್ಮ ಚೌಕದ ಫ್ಲೋರಾ ಫೌಂಟನ್ ಕಂಡರೆ ಮುಗಿಯಿತು ಎಂದೇ ಲೆಕ್ಕ.

ಪ್ರಶ್ನೆ: ದುಡ್ಡು ಕೊಟ್ಟು ಬೀದಿಯಲ್ಲಿ ಓಡುವುದು ಎಂತ ಮರುಳು ಮಾರಾಯ್ರೆ? ನಮ್ಮೂರ ರಸ್ತೆಯಲ್ಲಿ ಬಿಟ್ಟಿ ಓಡಬಹುದಲ್ಲ?
— ಓದುಗರು, ಕುಂದಾಪುರ

ಉತ್ತರ: ನಾನು ಮೊದಲು ಓಡಿದ್ದು ದುಡ್ಡು ತೆಗೆದುಕೊಂಡೇ. 1983ರಲ್ಲಿ, 14ನೇ ವಯಸ್ಸಿಗೆ, ಊರಿಂದ ಬಸ್ಸಿನಲ್ಲಿ ಬಂದು ಮುಂಬಯಿಯ ಫೋರ್ಟ್ ಪ್ರದೇಶದ ಒಂದು ಉಡುಪಿ ಹೋಟೆಲಿಗೆ ಸೇರಿದೆ. ಹಗಲು ಆಫೀಸುಗಳಿಗೆ ಚಹಾ ಒಯ್ಯುವುದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಮೆಟ್ರಿಕ್ಕು. ತಂತಿಯ ಸ್ಟ್ಯಾಂಡಿನಲ್ಲಿ ಎಂಟು ಗ್ಲಾಸು, ಒಂದು ಹನಿ ಚೆಲ್ಲಬಾರದು, ಆರಲೂಬಾರದು. ಫೌಂಟನ್ ಸುತ್ತಿನ ಆ ಕಲ್ಲಿನ ಕಮಾನುಗಳ ಕೆಳಗೆ ನಾನು ಎಷ್ಟು ಸಾವಿರ ಸಲ ಓಡಿದೆನೋ, ಒಮ್ಮೆಯೂ ತಲೆಯೆತ್ತಿ ನೋಡಿದವನಲ್ಲ. ನೋಡಿದರೆ ಚಹಾ ಚೆಲ್ಲುತ್ತಿತ್ತು.

ಆ ಕಾರಂಜಿಯ ಮೇಲೆ ಫ್ಲೋರಾ ಎಂಬ ರೋಮನ್ ದೇವತೆ ನಿಂತಿದ್ದಾಳೆ, 1864ರಿಂದ ಅಲ್ಲೇ ಇದ್ದಾಳೆ ಎಂದು ನನಗೆ ಗೊತ್ತಾದದ್ದು ಬ್ಯಾಂಕಿಗೆ ಸೇರಿದ ಮೇಲೆ. ಪಕ್ಕದಲ್ಲಿರುವ ಸ್ಮಾರಕ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಸತ್ತವರದ್ದು ಎಂಬುದೂ ಆಗಲೇ. ಈಗ ಅದೇ ಬೀದಿಯಲ್ಲಿ ಕೈಬೀಸಿಕೊಂಡು ಓಡುತ್ತೇನೆ, ಬಸ್ಸು ಟ್ಯಾಕ್ಸಿ ನನಗಾಗಿ ನಿಲ್ಲುತ್ತವೆ. ಅದಕ್ಕೆ ಕೊಡುವ ದುಡ್ಡು ನನಗೆ ಹೆಚ್ಚೆನಿಸಿಲ್ಲ. ಊರಿನ ರಸ್ತೆಯಲ್ಲಿ ಬಿಟ್ಟಿ ಓಡಬಹುದು, ಹೌದು. ನಾಯಿಗಳನ್ನು ನೀವು ಹಿಡಿದುಕೊಳ್ಳುವುದಾದರೆ ಬರುತ್ತೇನೆ.

ಪ್ರಶ್ನೆ: ಸರ್, ಮ್ಯಾರಥಾನ್ ದೂರ 42.195 ಕಿ.ಮೀ. ಎನ್ನುತ್ತಾರೆ. ನನ್ನ ಅಣ್ಣನ ವಾಚು 42.9 ತೋರಿಸಿತು. ಆಯೋಜಕರು ತಪ್ಪು ಅಳೆದಿದ್ದಾರಾ? ಆ 195 ಮೀಟರ್ ಯಾಕೆ ಬಂತು?
— ಪಿಯುಸಿ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಹಿಂದಿನಿಂದ ಬರೋಣ ಮಗಾ. ಆ ಚಿಲ್ಲರೆ ಬಂದದ್ದೂ ಒಂದು ಅರಮನೆಯಿಂದ. 1896ರಲ್ಲಿ ಗ್ರೀಸಿನ ಮ್ಯಾರಥಾನ್ ಊರಿನಿಂದ ಅಥೆನ್ಸಿನ ಅಮೃತಶಿಲೆಯ ಕ್ರೀಡಾಂಗಣಕ್ಕೆ ಓಡಿಸಿದಾಗ ಸುಮಾರು 40 ಕಿ.ಮೀ. ಇತ್ತು. ಗೆದ್ದವನು ಸ್ಪಿರಿಡಾನ್ ಲೂಯಿ, ಅದೇ ಸೀಮೆಯವನು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಟವನ್ನು ವಿಂಡ್ಸರ್ ಕೋಟೆಯ ಅಂಗಳದಲ್ಲಿ ಶುರುಮಾಡಿ ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂರುವ ಕಟ್ಟೆಯ ಎದುರು ಮುಗಿಸಿದರು. ಅದು 26 ಮೈಲಿ 385 ಗಜ ಆಯಿತು. 1921ರಲ್ಲಿ ಆ ದೂರವನ್ನೇ ಕಾಯಂ ಮಾಡಿದರು. ರಾಜನ ಮನೆಯವರು ಬೇರೆ ಮೂಲೆಯಲ್ಲಿ ಕೂತಿದ್ದರೆ ನಾವೆಲ್ಲ ಬೇರೆ ದೂರ ಓಡುತ್ತಿದ್ದೆವು.

ಇನ್ನು ಅಣ್ಣನ ವಾಚು. ಮಾರ್ಗವನ್ನು ಅಳೆಯುವುದು ಸೈಕಲಿನಿಂದ. ಮೊದಲು ಉಕ್ಕಿನ ಟೇಪಿನಲ್ಲಿ ಅಳೆದ ನೇರ ರಸ್ತೆಯಲ್ಲಿ ಸೈಕಲ್ ಓಡಿಸಿ, ಚಕ್ರಕ್ಕೆ ಕಟ್ಟಿದ ಎಣಿಕೆ ಯಂತ್ರದ ಲೆಕ್ಕ ಹೊಂದಿಸಿಕೊಳ್ಳುತ್ತಾರೆ. ಆಮೇಲೆ ಓಟಗಾರ ಓಡಬಹುದಾದ ಅತಿ ಹತ್ತಿರದ ಗೆರೆಯಲ್ಲಿ, ತಿರುವಿನಲ್ಲಿ ಅಂಚಿನಿಂದ ಬರೀ 30 ಸೆಂ.ಮೀ. ಬಿಟ್ಟು ಅಳೆಯುತ್ತಾರೆ. ಅಷ್ಟಾದರೂ ಕಡಿಮೆ ಬೀಳಬಾರದೆಂದು ಕಿಲೋಮೀಟರಿಗೆ 1 ಮೀಟರಿನಂತೆ ಸೇರಿಸುತ್ತಾರೆ. ನಿಮ್ಮ ಅಣ್ಣ ಆ ಗೆರೆಯಲ್ಲಿ ಓಡಿರಲಾರ. ನೀರಿನ ಮೇಜಿಗೆ ಎಡಕ್ಕೆ, ನೆರಳಿಗೆ ಬಲಕ್ಕೆ, ಗೆಳೆಯ ಕಂಡನೆಂದು ಮತ್ತೆ ಎಡಕ್ಕೆ ಹೋಗಿರುತ್ತಾನೆ. ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಂಕೇತ ಗೋಡೆಗೆ ಬಡಿದು ಬರುವುದರಿಂದ ವಾಚಿಗೂ ತಲೆ ತಿರುಗುತ್ತದೆ. ಆಯೋಜಕರದ್ದು ತಪ್ಪಿಲ್ಲ.

ಪ್ರಶ್ನೆ: ನಮ್ಮ ಬಡಾವಣೆಯ ಗೆಳತಿಯರು ಸೇರಿ ಮೈಸೂರಿನ ಪಾರಂಪರಿಕ ಕಟ್ಟಡಗಳನ್ನು ಸುತ್ತುವ 10 ಕಿ.ಮೀ. ಭಾನುವಾರದ ಓಟ ಮಾಡಬೇಕೆಂದಿದ್ದೇವೆ. ಅರಮನೆ, ದೇವರಾಜ ಮಾರುಕಟ್ಟೆ, ಕ್ರಾಫರ್ಡ್ ಹಾಲ್, ಕುಕ್ಕರಹಳ್ಳಿ ಕೆರೆ ಎಲ್ಲ ಸೇರಿಸುವ ಆಸೆ. ಸಲಹೆ ಕೊಡಿ.
— ಓದುಗರು, ಮೈಸೂರು

ಉತ್ತರ: ಮೇಡಂ, ನಿಮ್ಮ ಊರು ಇದಕ್ಕೆ ಹೇಳಿ ಮಾಡಿಸಿದ್ದು. ಎಲ್ಲವೂ ಕಾಲಳತೆಯಲ್ಲಿವೆ, ಚೌಕಗಳು ಅಗಲವಾಗಿವೆ. ಕೋಟೆ ಆಂಜನೇಯನ ಗುಡಿಯ ಬಳಿ ಶುರುಮಾಡಿ ಅರಮನೆಯ ಸುತ್ತು ಹಾಕಿ. 1897ರಲ್ಲಿ ಮರದ ಅರಮನೆ ಸುಟ್ಟಮೇಲೆ ಹೆನ್ರಿ ಇರ್ವಿನ್ ಕಟ್ಟಿದ ಈಗಿನ ಅರಮನೆ 1912ರಲ್ಲಿ ಮುಗಿಯಿತು. ಸುತ್ತು ಹಾಕುವಾಗ ನಾಲ್ಕೂ ದಿಕ್ಕಿನ ಬಾಗಿಲು ಸಿಗುತ್ತದೆ, ಪ್ರವಾಸಿಗರು ಅದನ್ನು ನೋಡುವುದೇ ಇಲ್ಲ. ಕೊನೆಯ ಭಾಗವನ್ನು ಕೆರೆಯ ಕಡೆ ಇಡಿ, ನೆರಳಿದೆ.

ಒಂದು ವಿಷಯದಲ್ಲಿ ಮಾತ್ರ ನಿಮ್ಮ ಜೊತೆ ಜಗಳ. ದೇವರಾಜ ಮಾರುಕಟ್ಟೆಯನ್ನು ಬಿಡಿ. ಬೆಳಗಿನ ಆರು ಗಂಟೆ ನಿಮಗೆ ಓಟದ ಹೊತ್ತು, ಹೂವಿನವರಿಗೆ ವ್ಯಾಪಾರದ ಹೊತ್ತು. ಸೇವಂತಿಗೆ ಬುಟ್ಟಿ ಹೊತ್ತವರ ನಡುವೆ ಐವತ್ತು ಜನ ಟೀ ಶರ್ಟು ಹಾಕಿಕೊಂಡು ನುಗ್ಗಿದರೆ ಅವರ ಬಾಯಿಂದ ಬರುವ ಕನ್ನಡ ನಾನು ಇಲ್ಲಿ ಬರೆಯಲಾರೆ. ಚಹಾ ಹೊತ್ತು ಓಡಿದವನ ಮಾತು ಇದು. ಇನ್ನೊಂದು, ಹಳೆಯ ಗೋಡೆಗಳ ಬುಡದಲ್ಲಿ ಜನ ಸೇರಿಸಬೇಡಿ, ಡೋಲು–ಸ್ಪೀಕರ್ ಇಡಬೇಡಿ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಚಾವಣಿ ಕುಸಿದು ಜೀವ ಹೋದದ್ದು, 2016ರಲ್ಲಿ ಇದೇ ಮಾರುಕಟ್ಟೆಯ ಒಂದು ಭಾಗ ಬಿದ್ದದ್ದು ನಿಮಗೆ ನೆನಪಿರಬೇಕು. ಪೊಲೀಸರ ಅನುಮತಿಯನ್ನು ಮೊದಲೇ ಪಡೆಯಿರಿ, ನೀರಿಗೆ ಪ್ಲಾಸ್ಟಿಕ್ ಲೋಟ ಬೇಡ.

ಪ್ರಶ್ನೆ: ನಾನು ಮುಂಬಯಿಯಲ್ಲಿ ಓಡುವಾಗ ನಮ್ಮವಳೂ ಮಕ್ಕಳೂ ಎಲ್ಲಿ ನಿಂತರೆ ನಾನು ಕಾಣಿಸುತ್ತೇನೆ?
— ಓದುಗರು, ದಾವಣಗೆರೆ

ಉತ್ತರ: ಪಶ್ಚಿಮ ರೈಲ್ವೆಯ ಲೋಕಲ್ ನಿಮ್ಮ ದಾರಿಯ ಪಕ್ಕದಲ್ಲೇ ಓಡುತ್ತದೆ. ಸ್ಲೋ ಟ್ರೇನಿನಲ್ಲಿ ಮಾಹಿಮ್‌ನಲ್ಲಿ ಇಳಿದು ನಿಮ್ಮನ್ನು ನೋಡಲಿ, ಆಮೇಲೆ ಅದೇ ಲೈನಿನಲ್ಲಿ ಮರಳಿ ಚರ್ನಿ ರೋಡಿನಲ್ಲಿ ಇಳಿದರೆ ಚೌಪಾಟಿಯಲ್ಲಿ ಇನ್ನೊಮ್ಮೆ ಸಿಗುತ್ತೀರಿ. ಅವರು ನಿಮಗಿಂತ ಮೊದಲೇ ಮುಟ್ಟುತ್ತಾರೆ. ಪೆಡ್ಡರ್ ರೋಡಿಗೆ ಮಾತ್ರ ಕರೆಯಬೇಡಿ, ಆ ಮುಖ ಮಕ್ಕಳು ನೋಡುವುದು ಬೇಡ.

ಪ್ರಶ್ನೆ: ಓಟ ಮುಗಿದ ಮೇಲೆ ಮುಂಬಯಿಯಲ್ಲಿ ನಮ್ಮ ಕಡೆಯ ಊಟ ಎಲ್ಲಿ ಸಿಗುತ್ತದೆ?
— ಓದುಗರು, ತುಮಕೂರು

ಉತ್ತರ: ವಿ.ಟಿ.ಯಿಂದಲೇ ಸ್ಲೋ ಲೋಕಲ್ ಹಿಡಿದು ಮಾಟುಂಗಾದಲ್ಲಿ ಇಳಿಯಿರಿ. ಸ್ಟೇಷನ್ ಎದುರಿಗೇ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರಿಂದ ಇದೆ. ಬಾಳೆಲೆ ಊಟ, ಸಾರು, ಹುಳಿ, ಮಜ್ಜಿಗೆ. ಮೊದಲು ಸಾರನ್ನೇ ಎರಡು ಸಲ ಕೇಳಿ ಕುಡಿಯಿರಿ, ಮೈಯಿಂದ ಹೋದ ಉಪ್ಪು ವಾಪಸ್ ಬರಲಿ. ಒಂದೇ ತೊಂದರೆ, ಅದು ಇರುವುದು ಮೊದಲ ಮಹಡಿಯಲ್ಲಿ. ಹತ್ತುವಾಗ ಕಟಕಟೆ ಹಿಡಿದುಕೊಳ್ಳಿ. ಇಳಿಯುವಾಗ ಹಿಂದುಮುಂದಾಗಿ, ಏಣಿ ಇಳಿದ ಹಾಗೆ ಇಳಿಯಿರಿ. ಆ ಭಾನುವಾರ ಹಾಗೆ ಇಳಿಯುವವರು ನೀವೊಬ್ಬರೇ ಆಗಿರುವುದಿಲ್ಲ.